ಫ್ರೀ ಆಂಟಿವೈರಸ್ ಸಾಕಾಗುತ್ತಾ? ಅಂಗಡಿ, ಮನೆ ಕಂಪ್ಯೂಟರ್‌ಗೆ ಅಪಾಯ ಇರೋದು ಬೇರೆ ಕಡೆ

ಹಾವೇರಿ: ಕಂಪ್ಯೂಟರ್ ಸರ್ವಿಸ್‌ಗೆ ಕೊಟ್ಟು ವಾಪಸ್ ತರುವಾಗ ಬಿಲ್ಲಿನ ಕೊನೆಗೆ ‘ಆಂಟಿವೈರಸ್, 1 ವರ್ಷ’ ಅನ್ನೋ ಸಾಲು ಎಷ್ಟೋ ಸಲ ಇರುತ್ತೆ. ಕೆಲವರು ಮಾತಾಡದೆ ದುಡ್ಡು ಕೊಟ್ಟು ಬರ್ತಾರೆ. ಇನ್ನು ಕೆಲವರು ‘ನೆಟ್‌ನಾಗ ಫ್ರೀ ಸಿಗ್ತೈತಲ್ರಿ, ಅದನ್ನ ಹಾಕಿಕೊಡ್ರಿ’ ಅಂತಾರೆ. ಎರಡೂ ಬೇಡ, ಮೊದಲು ಹೆಂಗಿತ್ತೋ ಹಂಗೇ ಇರಲಿ ಅನ್ನೋರೂ ಇದ್ದಾರೆ. ಇವರಲ್ಲಿ ಯಾರು ಸರಿ?

ಇಷ್ಟು ದಿನ ಈ ಪ್ರಶ್ನೆಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಈಗ ಕೆಡಿಸಿಕೊಳ್ಳಬೇಕು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಲ್ಲಿಸಿದೆ. ತಾಲ್ಲೂಕು ಕೇಂದ್ರದ ಝೆರಾಕ್ಸ್ ಅಂಗಡಿ, ಫೋಟೋ ಸ್ಟುಡಿಯೋ, ಬೀಜ ಗೊಬ್ಬರದ ಅಂಗಡಿ, ಆಡಿಟರ್ ಆಫೀಸು, ಮನೆಯಲ್ಲಿ ಮಕ್ಕಳ ಓದಿಗೆ ಅಂತ ತಂದಿಟ್ಟ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್, ಎಲ್ಲಿ ನೋಡಿದರೂ ವಿಂಡೋಸ್ 10 ಅಥವಾ ಅದಕ್ಕಿಂತ ಹಳೇದು ಓಡ್ತಾ ಇರುತ್ತೆ. ‘ಆಂಟಿವೈರಸ್ ಐತಿ, ಏನೂ ಆಗಲ್ಲ’ ಅನ್ನೋ ಧೈರ್ಯದ ಮೇಲೇ ಬಹಳಷ್ಟು ಕಡೆ ಕೆಲಸ ನಡೀತಿದೆ.

ಆ ಧೈರ್ಯ ಅರ್ಧ ಸರಿ. ಫ್ರೀ ಆಂಟಿವೈರಸ್ ಕಳಪೆ ಅಲ್ಲ. ಆದರೆ ನಮ್ಮ ಕಡೆ ಕಂಪ್ಯೂಟರ್ ಹಾಳಾಗೋ ದಾರಿಗಳಲ್ಲಿ ಬಹಳಷ್ಟು ಆಂಟಿವೈರಸ್ ಕಾಯುವ ಬಾಗಿಲಿನಿಂದ ಹಾದು ಹೋಗೋದೇ ಇಲ್ಲ.

ಕಂಪ್ಯೂಟರ್ ಜೊತೆಗೇ ಬಂದಿರೋದು

ಮೊದಲು ಒಂದು ವಿಷಯ. ವಿಂಡೋಸ್ 8 ಬಂದ 2012ರಿಂದ ವಿಂಡೋಸ್ ಒಳಗೇ ಒಂದು ಪೂರ್ತಿ ಆಂಟಿವೈರಸ್ ಇದೆ. ಹೆಸರು ಡಿಫೆಂಡರ್. ಬೇರೆ ಯಾವುದನ್ನೂ ಹಾಕದಿದ್ದರೆ ಅದು ತಾನಾಗೇ ಕೆಲಸ ಮಾಡುತ್ತೆ. ಇದು ಗೊತ್ತಿಲ್ಲದೆ ‘ನಮ್ಮದ್ರಾಗ ಆಂಟಿವೈರಸ್ಸೇ ಇಲ್ಲ’ ಅನ್ನೋರು ಬೇಕಾದಷ್ಟು ಜನ ಇದ್ದಾರೆ.

ಹತ್ತು ಹನ್ನೆರಡು ವರ್ಷದ ಹಿಂದೆ ಈ ಡಿಫೆಂಡರ್‌ಗೆ ಮರ್ಯಾದೆ ಇರಲಿಲ್ಲ. ಪರೀಕ್ಷೆಗಳಲ್ಲಿ ಕೊನೇ ಸಾಲಿನಲ್ಲಿ ನಿಲ್ಲುತ್ತಿತ್ತು. ‘ಅದು ಇದ್ದೂ ಇಲ್ಲದಂಗೆ’ ಅನ್ನೋ ಮಾತು ಶುರುವಾಗಿದ್ದು ಆ ಕಾಲದಲ್ಲಿ. ಈಗಲೂ ಅಂಗಡಿಗಳಲ್ಲಿ ಅದೇ ಹಳೇ ಮಾತು ಹೇಳಿ ಪ್ಯಾಕೆಟ್ ಮಾರ್ತಾರೆ. ಆದರೆ ಪರಿಸ್ಥಿತಿ ಬದಲಾಗಿ ಬಹಳ ವರ್ಷ ಆಯ್ತು. ಆಂಟಿವೈರಸ್‌ಗಳನ್ನು ಪರೀಕ್ಷೆ ಮಾಡಿ ಅಂಕ ಕೊಡೋ ಸಂಸ್ಥೆಗಳಿವೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಿಟಿವ್ಸ್ ಇವುಗಳಲ್ಲಿ ಹೆಸರಾದವು. ಎವಿ-ಟೆಸ್ಟ್‌ನವರು ರಕ್ಷಣೆ, ವೇಗ, ಬಳಕೆ ಮೂರಕ್ಕೂ ತಲಾ 6ರಂತೆ ಒಟ್ಟು 18 ಅಂಕ ಇಡ್ತಾರೆ. ಕೆಲವು ವರ್ಷಗಳಿಂದ ಡಿಫೆಂಡರ್ ಪದೇ ಪದೇ 18ಕ್ಕೆ 18 ಅಥವಾ ಅದರ ಹತ್ತಿರ ತಗೊಳ್ತಾ ಇದೆ. ದುಡ್ಡು ಕೊಟ್ಟು ತರೋ ದೊಡ್ಡ ಹೆಸರಿನವುಗಳ ಪಕ್ಕದಲ್ಲೇ ನಿಂತಿದೆ.

ಅವಾಸ್ಟ್, ಎವಿಜಿ, ಅವಿರಾ, ಬಿಟ್‌ಡಿಫೆಂಡರ್‌ನಂಥ ಕಂಪನಿಗಳ ಫ್ರೀ ಆವೃತ್ತಿ ಕಥೆಯೂ ಹೆಚ್ಚುಕಡಿಮೆ ಇದೇ. ವೈರಸ್ ಹುಡುಕೋ ಎಂಜಿನ್ ಫ್ರೀ ಮತ್ತು ಪೇಯ್ಡ್ ಎರಡರಲ್ಲೂ ಒಂದೇ. ದುಡ್ಡು ಕೊಟ್ಟರೆ ಸಿಗೋದು ಅದರ ಮೇಲಿನ ಹೆಚ್ಚುವರಿ: ಫೈರ್‌ವಾಲ್, ವಿಪಿಎನ್, ಬ್ಯಾಂಕಿಂಗ್‌ಗೆ ಬೇರೆ ಬ್ರೌಸರ್, ಮಕ್ಕಳು ಏನು ನೋಡ್ತಾರೆ ಅನ್ನೋದರ ಮೇಲೆ ಕಡಿವಾಣ, ಸಮಸ್ಯೆ ಬಂದಾಗ ಫೋನ್ ಮಾಡೋಕೆ ಒಂದು ನಂಬರ್. ಕೊನೆಯದು ನಿಜಕ್ಕೂ ಉಪಯೋಗದ್ದು. ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ಲದ, ಹತ್ತಿರ ಯಾರೂ ಇಲ್ಲದವರು ಅದಕ್ಕೋಸ್ಕರವೇ ದುಡ್ಡು ಕೊಟ್ಟರೂ ತಪ್ಪಿಲ್ಲ.

ಅಂಗಡಿಯವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಅವಾಸ್ಟ್, ಎವಿಜಿ ಫ್ರೀ ಆವೃತ್ತಿಗಳು ಸ್ವಂತ ಮನೆ ಬಳಕೆಗೆ ಮಾತ್ರ. ವ್ಯಾಪಾರದ ಕಂಪ್ಯೂಟರ್‌ಗೆ ಹಾಕಿಕೊಂಡರೆ ಅವರ ಷರತ್ತು ಮುರಿದಂತೆ. ಡಿಫೆಂಡರ್ ವಿಂಡೋಸ್‌ನ ಭಾಗವೇ ಆಗಿರೋದರಿಂದ ಆ ತಕರಾರಿಲ್ಲ.

ಎರಡು ಆಂಟಿವೈರಸ್ ಒಟ್ಟಿಗೆ ಹಾಕಿದರೆ ಡಬಲ್ ರಕ್ಷಣೆ ಅನ್ನೋ ನಂಬಿಕೆಯೂ ಕೆಲವರಿಗಿದೆ. ಹಾಗೇನಿಲ್ಲ. ಒಂದೇ ಫೈಲ್‌ಗೆ ಎರಡೂ ಕೈ ಹಾಕಿ ಕಂಪ್ಯೂಟರ್ ನಿಧಾನ ಆಗುತ್ತೆ, ಅಷ್ಟೇ.

ನೆಟ್ ಇಲ್ಲದ ಕಂಪ್ಯೂಟರ್

ಪರೀಕ್ಷೆಯ ಅಂಕ ನೋಡಿ ಖುಷಿಪಡೋಕೆ ಮುಂಚೆ ಒಂದು ಮಾತು. ಡಿಫೆಂಡರ್‌ನ ಶಕ್ತಿಯ ದೊಡ್ಡ ಪಾಲು ಕಂಪ್ಯೂಟರ್ ಒಳಗಿಲ್ಲ, ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿದೆ. ಅನುಮಾನದ ಫೈಲ್ ಕಂಡಾಗ ಅದು ನೆಟ್ ಮೂಲಕ ಸರ್ವರ್‌ನ ಕೇಳುತ್ತೆ, ಉತ್ತರ ಬಂದ ಮೇಲೆ ಬಿಡುತ್ತೆ ಇಲ್ಲವೇ ತಡೆಯುತ್ತೆ. ನೆಟ್ ಇಲ್ಲದಾಗ ತನ್ನ ಹತ್ತಿರ ಇರೋ ಪಟ್ಟಿಯ ಮೇಲೆ ಹೆಚ್ಚಾಗಿ ನಿಲ್ಲಬೇಕು. ಎವಿ-ಕಂಪ್ಯಾರಿಟಿವ್ಸ್‌ನವರು ನೆಟ್ ಇದ್ದಾಗ ಎಷ್ಟು ಹಿಡಿಯುತ್ತೆ, ಇಲ್ಲದಾಗ ಎಷ್ಟು ಹಿಡಿಯುತ್ತೆ ಅಂತ ಬೇರೆ ಬೇರೆ ಲೆಕ್ಕ ಕೊಡ್ತಾರೆ. ನೆಟ್ ಇಲ್ಲದ ಲೆಕ್ಕದಲ್ಲಿ ಡಿಫೆಂಡರ್ ಎದ್ದು ಕಾಣುವಷ್ಟು ಹಿಂದೆ ಬೀಳುತ್ತೆ.

ನಗರದ ಮನೆಗೆ ಇದು ದೊಡ್ಡ ವಿಷಯ ಅಲ್ಲ. ನಮ್ಮ ಕಡೆ ಹಾಗಲ್ಲ. ‘ವೈರಸ್ ಬರಬಾರದು ಅಂತ ಈ ಕಂಪ್ಯೂಟರ್‌ಗೆ ನೆಟ್ಟೇ ಕೊಟ್ಟಿಲ್ಲ’ ಅಂತ ಹೆಮ್ಮೆಯಿಂದ ಹೇಳೋ ಅಂಗಡಿಗಳಿವೆ. ಅದೇ ಕಂಪ್ಯೂಟರ್‌ಗೆ ದಿನಕ್ಕೆ ಇಪ್ಪತ್ತು ಮೂವತ್ತು ಜನರ ಪೆನ್‌ಡ್ರೈವ್ ಚುಚ್ಚುತ್ತಾರೆ. ಪಹಣಿ, ಮದುವೆ ಕಾರ್ಡು, ಪ್ರಾಜೆಕ್ಟ್ ವರ್ಕ್, ಅರ್ಜಿ ಎಲ್ಲಾ ಅದರಲ್ಲೇ ಬರುತ್ತೆ. ಆಂಟಿವೈರಸ್ ಪಟ್ಟಿ ಅಪ್‌ಡೇಟ್ ಆಗಿ ಎಷ್ಟು ತಿಂಗಳಾಯ್ತೋ ದೇವರಿಗೇ ಗೊತ್ತು. ಫ್ರೀ ಆಂಟಿವೈರಸ್ ಅತಿ ದುರ್ಬಲವಾಗಿರೋದು ಇಲ್ಲೇ. ಪೆನ್‌ಡ್ರೈವ್ ಒಳಗಿನ ಫೋಲ್ಡರ್‌ಗಳೆಲ್ಲ ಮಾಯವಾಗಿ ಶಾರ್ಟ್‌ಕಟ್ ಆಗಿ ಕಾಣೋ ಹಳೇ ವೈರಸ್ ಇನ್ನೂ ಊರು ತಿರುಗ್ತಾ ಇರೋದಕ್ಕೆ ಇಂಥ ಕಂಪ್ಯೂಟರ್‌ಗಳೇ ಆಸರೆ.

ನೆಟ್ ಕೊಡೋಕೆ ಮನಸ್ಸಿಲ್ಲದಿದ್ದರೂ ವಾರಕ್ಕೊಮ್ಮೆ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಅಪ್‌ಡೇಟ್ ಮಾಡಿಸಬಹುದು. ಅದೂ ಬೇಡ ಅಂದರೆ ಮೈಕ್ರೋಸಾಫ್ಟ್ ಸೈಟ್‌ನಲ್ಲಿ ಡಿಫೆಂಡರ್‌ನ ಅಪ್‌ಡೇಟ್ ಫೈಲ್ ಸಿಗುತ್ತೆ. ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು ಇಲ್ಲಿಗೆ ತಂದು ಹಾಕಬಹುದು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಅಂತ ಒಂದಿದೆ, 2017ರಲ್ಲಿ ಶುರುವಾಗಿದ್ದು. ಕಂಪ್ಯೂಟರ್ ಸ್ವಚ್ಛ ಮಾಡೋ ಸಾಧನ, ಪೆನ್‌ಡ್ರೈವ್ ಬಳಕೆಗೆ ಕಡಿವಾಣ ಹಾಕೋ ‘ಯುಎಸ್‌ಬಿ ಪ್ರತಿರೋಧ್’ ಎಲ್ಲಾ ಫ್ರೀಯಾಗಿ ಕೊಡೋಕೆ ಅಂತಲೇ ಮಾಡಿದ್ದು. ನಮ್ಮ ಅಂಗಡಿ ಸಾಲುಗಳಲ್ಲಿ ಅದರ ಹೆಸರು ಕೇಳಿದವರೇ ಅಪರೂಪ.

‘ಸ್ವಲ್ಪ ಹೊತ್ತು ಆಫ್ ಮಾಡ್ರಿ’

ಇನ್ನು ದೊಡ್ಡ ವಿಷಯಕ್ಕೆ ಬರೋಣ. ಫೋಟೋಶಾಪ್, ಆಲ್ಬಮ್ ಡಿಸೈನ್ ಸಾಫ್ಟ್‌ವೇರ್, ಆಫೀಸ್, ಕೆಲವು ಕಡೆ ಲೆಕ್ಕದ ಸಾಫ್ಟ್‌ವೇರ್, ಕೊನೆಗೆ ವಿಂಡೋಸ್ ಕೂಡ ‘ಕ್ರ್ಯಾಕ್’ ಮಾಡಿದ್ದು ಹಾಕಿಸಿಕೊಳ್ಳೋದು ಗುಟ್ಟಿನ ವಿಷಯವೇನಲ್ಲ. ಅಸಲಿ ತಗೊಂಡರೆ ತಿಂಗಳು ತಿಂಗಳು ದುಡ್ಡು. ಸೀಸನ್ ಇದ್ದಾಗ ಮಾತ್ರ ದುಡಿಮೆ ಇರೋ ಸ್ಟುಡಿಯೋದವರಿಗೆ ಅದು ಭಾರವೇ. ಕಾನೂನಿನ ಮಾತು ಪಕ್ಕಕ್ಕಿಡೋಣ. ಆಂಟಿವೈರಸ್ ವಿಷಯಕ್ಕೆ ಇದು ಹೆಂಗೆ ಸಂಬಂಧ ಅಂತ ನೋಡಿ.

ಕ್ರ್ಯಾಕ್ ಹಾಕೋ ಮೊದಲು ಬರೋ ಸೂಚನೆ ಒಂದೇ: ‘ಸ್ವಲ್ಪ ಹೊತ್ತು ಆಂಟಿವೈರಸ್ ಆಫ್ ಮಾಡ್ರಿ, ಇಲ್ಲಾಂದ್ರ ಇನ್‌ಸ್ಟಾಲ್ ಆಗಲ್ಲ.’ ಆಂಟಿವೈರಸ್ ಆ ಫೈಲನ್ನ ವೈರಸ್ ಅಂತ ತೋರಿಸುತ್ತೆ. ‘ಕ್ರ್ಯಾಕ್ ಅಲ್ವಾ, ಹಂಗೇ ತೋರಿಸ್ತೈತಿ’ ಅಂತ ಸಮಾಧಾನ ಹೇಳ್ತಾರೆ. ಕೆಲವು ಸಲ ಅದು ನಿಜವೂ ಇರಬಹುದು. ಸಮಸ್ಯೆ ಏನಂದರೆ ನಿಜವಾದ ವೈರಸ್ ಬಂದಾಗಲೂ ಇದೇ ಮಾತು ಹೇಳಿ ಆಫ್ ಮಾಡಿಸ್ತಾರೆ. ಮನೆಗೆ ಕಳ್ಳ ಬಂದಾಗ ನಾಯಿನ ಕಟ್ಟಿಹಾಕಿ ಬಾಗಿಲು ತೆಗೆದಂಗೆ. ಆಮೇಲೆ ನಾಯಿ ಸರಿ ಇರಲಿಲ್ಲ ಅಂತ ಬೈದರೆ ಏನು ಪ್ರಯೋಜನ?

ಸ್ಟಾಪ್, ಇನ್ನೊಂದು ಹೆಸರು ಡಿಜೆವಿಯು, ಅನ್ನೋ ರಾನ್ಸಮ್‌ವೇರ್ ಸಾವಿರಾರು ಮನೆ ಕಂಪ್ಯೂಟರ್‌ಗಳನ್ನು ಹಾಳು ಮಾಡಿದ್ದು ಇದೇ ದಾರಿಯಲ್ಲಿ. ದೊಡ್ಡ ಕಂಪನಿ, ಬ್ಯಾಂಕ್ ಯಾವುದೂ ಅದಕ್ಕೆ ಬೇಕಿರಲಿಲ್ಲ. ಫ್ರೀ ಕ್ರ್ಯಾಕ್, ಕೀ ಮಾಡೋ ಪ್ರೋಗ್ರಾಂ, ವಿಂಡೋಸ್ ಆ್ಯಕ್ಟಿವೇಟ್ ಮಾಡೋ ಸಾಧನ ಅಂತ ವೇಷ ಹಾಕಿ ಬರ್ತಿತ್ತು. ಒಳಗೆ ಬಂದ ಮೇಲೆ ಪರದೆ ಮೇಲೆ ವಿಂಡೋಸ್ ಅಪ್‌ಡೇಟ್ ಆಗ್ತಿದೆ ಅನ್ನೋ ಸುಳ್ಳು ಕಿಟಕಿ ತೋರಿಸಿ, ಹಿಂದಿನಿಂದ ಒಂದೊಂದೇ ಫೋಟೋ, ಎಕ್ಸೆಲ್ ಫೈಲ್, ಲೆಕ್ಕದ ಡೇಟಾ ಲಾಕ್ ಮಾಡ್ತಾ ಹೋಗ್ತಿತ್ತು. ಮುಗಿದ ಮೇಲೆ ಪ್ರತಿ ಫೋಲ್ಡರ್‌ನಲ್ಲಿ ಒಂದು ಚೀಟಿ: 980 ಡಾಲರ್ ಕೊಡಿ, 72 ಗಂಟೆ ಒಳಗೆ ಬಂದರೆ ಅರ್ಧಕ್ಕೆ, 490 ಡಾಲರ್‌ಗೆ ಬಿಡ್ತೀವಿ. ಅರ್ಧ ಅಂದರೂ ಇವತ್ತಿನ ಲೆಕ್ಕಕ್ಕೆ 40 ಸಾವಿರ ರೂಪಾಯಿಗೂ ಮೇಲೆ. ಕೆಲವು ಸಲ ಪಾಸ್‌ವರ್ಡ್ ಕದಿಯೋ ಇನ್ನೊಂದು ಪ್ರೋಗ್ರಾಂನೂ ಜೊತೆಯಲ್ಲೇ ಬಿಟ್ಟು ಹೋಗ್ತಿತ್ತು.

2019ರ ಅಕ್ಟೋಬರ್‌ನಲ್ಲಿ ಎಮ್ಸಿಸಾಫ್ಟ್ ಅನ್ನೋ ಕಂಪನಿ ಇದರ 148 ತಳಿಗಳಿಗೆ ಬೀಗ ತೆಗೆಯೋ ಸಾಧನ ಬಿಡುಗಡೆ ಮಾಡಿತು, ಅದೂ ಫ್ರೀಯಾಗಿ. ಬಹಳ ಜನರ ಫೈಲ್ ವಾಪಸ್ ಬಂದವು. ಆದರೆ ಆ ವರ್ಷ ಆಗಸ್ಟ್ ನಂತರ ಬಂದ ತಳಿಗಳು ಬೀಗದ ರೀತಿಯನ್ನೇ ಬದಲಾಯಿಸಿಬಿಟ್ಟಿದ್ದವು. ಅವುಗಳಿಗೆ ಸಿಕ್ಕಿದವರಲ್ಲಿ ಹೆಚ್ಚಿನವರಿಗೆ ದಾರಿಯೇ ಉಳಿಯಲಿಲ್ಲ. ಸ್ಟುಡಿಯೋ ಕಂಪ್ಯೂಟರ್‌ನಲ್ಲಿ ಇನ್ನೂ ಆಲ್ಬಮ್ ಕೊಡದ ನಾಲ್ಕು ಮದುವೆಯ ಫೋಟೋ ಇದ್ದರೆ ಗಿರಾಕಿಗೆ ಏನು ಹೇಳೋದು? ಆ ಮದುವೆ ಮತ್ತೆ ಮಾಡೋಕಾಗುತ್ತಾ?

ವಿಂಡೋಸ್ ಆ್ಯಕ್ಟಿವೇಟ್ ಮಾಡೋಕೆ ಹಾಕೋ ಕೆಲವು ಸಾಧನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಡಿಫೆಂಡರ್‌ನ ಪಟ್ಟಿಯಲ್ಲಿ ತಮಗೆ ವಿನಾಯಿತಿ ಬರೆದುಕೊಳ್ಳುತ್ತವೆ. ಅಂದರೆ ‘ಈ ಫೋಲ್ಡರ್ ನೋಡಬೇಡ’ ಅನ್ನೋ ಆಜ್ಞೆ. ಮೇಲ್ನೋಟಕ್ಕೆ ಹಸಿರು ಟಿಕ್ ಕಾಣುತ್ತೆ, ಎಲ್ಲಾ ಸರಿ ಇದೆ ಅನಿಸುತ್ತೆ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ರಕ್ಷಣೆಯ ಸೆಟ್ಟಿಂಗ್ ಒಳಗೆ ‘ಎಕ್ಸ್‌ಕ್ಲೂಷನ್ಸ್’ ಅನ್ನೋ ಕಡೆ ನೋಡಿದರೆ ಯಾವ ಯಾವ ಫೋಲ್ಡರ್‌ಗೆ ವಿನಾಯಿತಿ ಇದೆ ಅಂತ ಗೊತ್ತಾಗುತ್ತೆ. ನೀವು ಬರೆಯದ ಹೆಸರು ಅಲ್ಲಿದ್ದರೆ ಯಾರು ಬರೆದರು ಅಂತ ಸರ್ವಿಸ್‌ನವರನ್ನೇ ಕೇಳಬೇಕು.

ಕಾವಲುಗಾರ ಹೊಸಬ, ಗೋಡೆ ಹಳೇದು

ಆಂಟಿವೈರಸ್ ಅಪ್‌ಡೇಟ್ ಬೇರೆ, ವಿಂಡೋಸ್ ಅಪ್‌ಡೇಟ್ ಬೇರೆ. ಇದನ್ನು ಒಂದೇ ಅಂದುಕೊಂಡವರೇ ಹೆಚ್ಚು. ಮೊದಲನೆಯದು ಕಾವಲುಗಾರನಿಗೆ ಹೊಸ ಕಳ್ಳರ ಫೋಟೋ ಕೊಟ್ಟಂತೆ. ಎರಡನೆಯದು ಗೋಡೆಯಲ್ಲಿ ಬಿದ್ದ ತೂತು ಮುಚ್ಚಿದಂತೆ. ತೂತು ಹಾಗೇ ಇದ್ದರೆ ಕಾವಲುಗಾರ ಎಷ್ಟು ಚುರುಕಾಗಿದ್ದರೂ ಒಂದಲ್ಲ ಒಂದು ದಿನ ಏಮಾರ್ತಾನೆ.

2017ರ ಮೇ 12ರಂದು ಹರಡಿದ ವಾನ್ನಾಕ್ರೈ ಇದಕ್ಕೆ ದೊಡ್ಡ ಸಾಕ್ಷಿ. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್ ಕೆಲವೇ ದಿನಗಳಲ್ಲಿ ಲಾಕ್ ಆದವು. ಯಾರೂ ಯಾವುದೇ ಫೈಲ್ ತೆರೆಯಬೇಕಾಗಿರಲಿಲ್ಲ. ಒಂದು ಕಂಪ್ಯೂಟರ್‌ಗೆ ಬಂದರೆ ನೆಟ್‌ವರ್ಕ್‌ನಲ್ಲಿದ್ದ ಉಳಿದವಕ್ಕೂ ತಾನಾಗೇ ದಾಟುತ್ತಿತ್ತು. ಪಕ್ಕದ ಕೇರಳದಲ್ಲಿ ವಯನಾಡು, ಪತ್ತನಂತಿಟ್ಟ ಜಿಲ್ಲೆಗಳ ಪಂಚಾಯಿತಿ ಕಚೇರಿ ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು. ದೊಡ್ಡ ಊರಿನ ದೊಡ್ಡ ಆಫೀಸಿಗೆ ಮಾತ್ರ ಇದೆಲ್ಲ ಅನ್ನೋರಿಗೆ ಈ ಒಂದು ಉದಾಹರಣೆ ಸಾಕು. ಬೇಸರದ ವಿಷಯ ಏನಂದರೆ, ಆ ತೂತು ಮುಚ್ಚೋ ಅಪ್‌ಡೇಟ್ ಅನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳು ಸಮಯ ಇತ್ತು. ಅಪ್‌ಡೇಟ್ ಮಾಡಿದವರು ಉಳಿದರು. ಕ್ಯಾಸ್ಪರ್‌ಸ್ಕಿ ಕಂಪನಿ ಕೊಟ್ಟ ಲೆಕ್ಕದಂತೆ ಸಿಕ್ಕಿಬಿದ್ದ ಕಂಪ್ಯೂಟರ್‌ಗಳಲ್ಲಿ ಶೇ 98ರಷ್ಟು ವಿಂಡೋಸ್ 7ರವು.

ಆ ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಬೆಂಬಲ ನಿಂತಿದೆ. ಕ್ರೋಮ್ ಬ್ರೌಸರ್ ಕೂಡ ಅದರಲ್ಲಿ 109ನೇ ಆವೃತ್ತಿಗೇ ನಿಂತುಬಿಟ್ಟಿದೆ. ಅಂಥ ಕಂಪ್ಯೂಟರ್‌ನಲ್ಲಿ ನೆಟ್ ಬ್ಯಾಂಕಿಂಗ್ ಮಾಡೋರಿಗೆ ಯಾವ ಆಂಟಿವೈರಸ್ ಹಾಕಲಿ ಅನ್ನೋ ಪ್ರಶ್ನೆಯೇ ತಡವಾಗಿದೆ.

ವಿಂಡೋಸ್ 10 ಈಗ ಅದೇ ದಾರಿ ಹಿಡಿದಿದೆ. ಇಲ್ಲಿ ಒಂದು ಗೊಂದಲ ಇದೆ, ಬಿಡಿಸಿ ಹೇಳಬೇಕು. ಡಿಫೆಂಡರ್‌ನ ವೈರಸ್ ಪಟ್ಟಿಯನ್ನು ವಿಂಡೋಸ್ 10ರಲ್ಲಿ 2028ರ ಅಕ್ಟೋಬರ್‌ವರೆಗೂ ಅಪ್‌ಡೇಟ್ ಮಾಡ್ತೀವಿ ಅಂತ ಮೈಕ್ರೋಸಾಫ್ಟ್ ಹೇಳಿದೆ. ಹೀಗಾಗಿ ಮೂಲೆಯಲ್ಲಿ ಹಸಿರು ಗುರುತು ಬರ್ತಾನೇ ಇರುತ್ತೆ. ಅದನ್ನು ನೋಡಿ ಎಲ್ಲಾ ಸರಿ ಇದೆ ಅಂದುಕೊಂಡರೆ ಮೋಸ ಹೋದಂತೆ. ಕಾವಲುಗಾರನಿಗೆ ಸಂಬಳ ಮುಂದುವರಿದಿದೆ, ಗೋಡೆ ರಿಪೇರಿ ನಿಂತಿದೆ.

ಆ ರಿಪೇರಿಯನ್ನು ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಮುಂದುವರಿಸಿಕೊಳ್ಳೋ ದಾರಿ ಮನೆ ಬಳಕೆದಾರರಿಗೆ ಇದೆ. 30 ಡಾಲರ್ ಕೊಡಬಹುದು. ಆದರೆ ಕೊಡಲೇಬೇಕು ಅಂತಿಲ್ಲ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ, ಕಂಪ್ಯೂಟರ್‌ನ ಸೆಟ್ಟಿಂಗ್‌ಗಳನ್ನು ಅದರಲ್ಲಿ ಬ್ಯಾಕಪ್ ಮಾಡೋಕೆ ಒಪ್ಪಿದರೆ ಫ್ರೀ. ವಿಂಡೋಸ್ 10ರ 22ಎಚ್2 ಅನ್ನೋ ಕೊನೇ ಆವೃತ್ತಿ ಇರಬೇಕು. ಸೆಟ್ಟಿಂಗ್ಸ್ ಒಳಗೆ ವಿಂಡೋಸ್ ಅಪ್‌ಡೇಟ್ ತೆರೆದರೆ ನೋಂದಣಿಯ ಲಿಂಕ್ ಅಲ್ಲೇ ಕಾಣುತ್ತೆ. ಐದು ನಿಮಿಷದ ಕೆಲಸ. ಇದಕ್ಕೇ ಯಾರಾದರೂ ಸಾವಿರ ರೂಪಾಯಿ ಕೇಳಿದರೆ ಸ್ವಲ್ಪ ಯೋಚನೆ ಮಾಡಿ.

ವಿಂಡೋಸ್ 11 ಹಾಕಿಬಿಡೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನೋ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್ ಇರಬೇಕು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಗೊಳ್ಳೋರು ಈಗ ಇದೊಂದನ್ನು ಕೇಳಿಯೇ ತಗೋಬೇಕು. ನಾಲ್ಕನೇ ತಲೆಮಾರಿನದು ಅಗ್ಗಕ್ಕೆ ಸಿಗ್ತಾ ಇರೋದಕ್ಕೆ ಕಾರಣ ಇದೆ.

ಫ್ರೀ ಕೊಡೋ ಕಂಪನಿಗೆ ಲಾಭ ಎಲ್ಲಿಂದ?

ಅವಾಸ್ಟ್ ಕಥೆ ಗೊತ್ತಿರಲಿ. ಜಗತ್ತಿನಲ್ಲಿ ಕೋಟ್ಯಂತರ ಜನ ಹಾಕಿಕೊಂಡಿರೋ ಫ್ರೀ ಆಂಟಿವೈರಸ್ ಅದು. ಜನ ಯಾವ ಯಾವ ಸೈಟ್ ನೋಡ್ತಾರೆ ಅನ್ನೋ ಮಾಹಿತಿಯನ್ನು ಜಂಪ್‌ಶಾಟ್ ಅನ್ನೋ ತನ್ನದೇ ಇನ್ನೊಂದು ಕಂಪನಿ ಮೂಲಕ ಮಾರುತ್ತಿತ್ತು ಅನ್ನೋದು 2020ರ ಜನವರಿಯಲ್ಲಿ ಬಯಲಾಯ್ತು. ಜಂಪ್‌ಶಾಟ್ ಮುಚ್ಚಿದರು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅವಾಸ್ಟ್‌ಗೆ 1.65 ಕೋಟಿ ಡಾಲರ್ ಕಟ್ಟಿಸಿ, ಇಂಥ ಮಾಹಿತಿಯನ್ನು ಜಾಹೀರಾತಿಗೆ ಮಾರುವಂತಿಲ್ಲ ಅಂತ ಆದೇಶ ಮಾಡಿತು. ನಮ್ಮನ್ನು ಹಿಂಬಾಲಿಸೋರಿಂದ ಕಾಪಾಡ್ತೀವಿ ಅಂತ ಹೇಳಿಕೊಂಡು ತಾನೇ ಹಿಂಬಾಲಿಸಿದ್ದು ಆಯೋಗದ ಸಿಟ್ಟಿಗೆ ಮುಖ್ಯ ಕಾರಣ.

ಇವತ್ತು ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ಎಲ್ಲಾ ಒಂದೇ ಕಂಪನಿಯವು, ಹೆಸರು ಜೆನ್ ಡಿಜಿಟಲ್. ಅದು ಸರಿ ಇಲ್ಲ ಅಂತ ಬದಲಾಯಿಸಿ ಇದು ಹಾಕಿದೆ ಅಂದರೆ ಎಷ್ಟೋ ಸಲ ಅದೇ ಮನೆಯ ಇನ್ನೊಂದು ಬಾಗಿಲಿಗೆ ಹೋದಂತೆ.

ಹಾಗಂತ ದುಡ್ಡು ಕೊಟ್ಟವರಿಗೆ ತೊಂದರೆಯೇ ಇಲ್ಲ ಅಂತಲ್ಲ. ನಾರ್ಟನ್ ಕಂಪನಿ 2021ರಲ್ಲಿ ತನ್ನ ಪೇಯ್ಡ್ ಆಂಟಿವೈರಸ್ ಜೊತೆ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡೋ ಸೌಲಭ್ಯ ಸೇರಿಸಿ, ಅದರ ಆದಾಯದಲ್ಲಿ ಶೇ 15 ತಾನು ಇಟ್ಟುಕೊಳ್ಳೋಕೆ ಹೋಗಿ ಬೈಗುಳ ತಿಂದಿತು. ನಮ್ಮ ದೇಶದ್ದೇ ಆದ ಇ-ಸ್ಕ್ಯಾನ್‌ನ ಅಪ್‌ಡೇಟ್ ಬರೋ ದಾರಿಯಲ್ಲೇ ಹ್ಯಾಕರ್‌ಗಳು ಕೈ ಹಾಕಿ ವೈರಸ್ ತೂರಿಸಿದ್ದು 2024ರಲ್ಲಿ ಹೊರಬಂತು. ಅಷ್ಟರಲ್ಲಿ ಕಂಪನಿ ಆ ದಾರಿ ಸರಿಪಡಿಸಿತ್ತು. ಇಷ್ಟರ ಮೇಲೂ ಪೇಯ್ಡ್ ಬೇಕು ಅನ್ನೋರು ತಗೊಳ್ಳಲಿ. ಆದರೆ ವರ್ಷ ಮುಗಿದ ಮೇಲೆ ರಿನ್ಯೂ ಮಾಡದೆ ಹಾಗೇ ಬಿಡಬಾರದು. ಅವಧಿ ಮುಗಿದದ್ದು ತಾನೂ ಸರಿಯಾಗಿ ಕೆಲಸ ಮಾಡಲ್ಲ, ಡಿಫೆಂಡರ್‌ಗೂ ಜಾಗ ಬಿಡದೆ ಕೂತಿರಬಹುದು. ಹೊಸ ಲ್ಯಾಪ್‌ಟಾಪ್ ಜೊತೆ ಬರೋ ಟ್ರಯಲ್ ಆಂಟಿವೈರಸ್‌ಗೂ ಇದೇ ಮಾತು. ಬೇಡ ಅಂದರೆ ಪೂರ್ತಿ ತೆಗೆದು ಹಾಕಿ, ಡಿಫೆಂಡರ್ ಆನ್ ಆಗಿದೆಯಾ ನೋಡಿ.

ಆಂಟಿವೈರಸ್ ಕಣ್ಣಿಗೆ ಬೀಳದ್ದು

ಫ್ರೀ ಇರಲಿ, ಪೇಯ್ಡ್ ಇರಲಿ, ಮಾಲೀಕನೇ ಕೈಯಾರೆ ಮಾಡಿದ ಕೆಲಸವನ್ನು ತಡೆಯೋದು ಕಷ್ಟ. ಒಟಿಪಿ ಹೇಳಿದರೆ, ಬ್ಯಾಂಕ್‌ನವರು ಅಂದುಕೊಂಡು ಎನಿಡೆಸ್ಕ್ ಹಾಕಿಸಿಕೊಂಡರೆ ಅದು ಸುಮ್ಮನೆ ನೋಡ್ತಾ ಕೂರುತ್ತೆ. ಮೊಬೈಲ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ‘ಮದುವೆ ಆಮಂತ್ರಣ’, ‘ಪಿಎಂ ಕಿಸಾನ್’, ‘ಟ್ರಾಫಿಕ್ ದಂಡ’ ಅಂತ ಬರೋ ಎಪಿಕೆ ಫೈಲ್‌ಗಳಿಗೆ ಕಂಪ್ಯೂಟರ್ ಆಂಟಿವೈರಸ್ ಸಂಬಂಧವೇ ಇಲ್ಲ.

ಕಂಪ್ಯೂಟರ್‌ನಲ್ಲಿ ಈಗ ಜಾಸ್ತಿ ನಡೀತಿರೋ ಒಂದು ಮೋಸ ಹೇಳಲೇಬೇಕು. ಯಾವುದೋ ಸೈಟ್ ತೆರೆದಾಗ ‘ನೀವು ಮನುಷ್ಯ ಹೌದೋ ಅಲ್ಲವೋ ಸಾಬೀತು ಮಾಡಿ’ ಅಂತ ಬರುತ್ತೆ. ಮಾಮೂಲಿಯಾಗಿ ಟಿಕ್ ಮಾಡಿದರೆ ಮುಗೀತು. ಇಲ್ಲಿ ಹಾಗಲ್ಲ. ‘ವಿಂಡೋಸ್ ಬಟನ್ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ ಒತ್ತಿ, ಎಂಟರ್ ಕೊಡಿ’ ಅಂತ ಹೇಳುತ್ತೆ. ಅಷ್ಟು ಮಾಡಿದರೆ ಕಳ್ಳ ಪ್ರೋಗ್ರಾಂ ತರಿಸೋ ಆಜ್ಞೆಯನ್ನು ನಿಮ್ಮ ಕೈಯಿಂದಲೇ ಕೊಡಿಸಿಕೊಂಡಂತೆ. ಲುಮ್ಮಾ ಅನ್ನೋ ಪಾಸ್‌ವರ್ಡ್ ಕಳ್ಳ ಪ್ರೋಗ್ರಾಂ ಹರಡೋಕೆ ಈ ದಾರಿಯನ್ನೂ ಬಳಸಿದ್ದರು. 2025ರ ಮಾರ್ಚ್ 16ರಿಂದ ಮೇ 16ರ ನಡುವೆ, ಎರಡೇ ತಿಂಗಳಲ್ಲಿ, 3.94 ಲಕ್ಷಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿಗೆ ಅದು ತಗುಲಿದ್ದು ಕಂಡಿತು ಅಂತ ಮೈಕ್ರೋಸಾಫ್ಟ್ ಹೇಳಿದೆ. ಡಿಫೆಂಡರ್ ಮಾಡೋ ಕಂಪನಿಯದೇ ಲೆಕ್ಕ ಇದು ಅನ್ನೋದು ನೆನಪಿರಲಿ.

ಪರದೆಯ ಬಲ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಇವೆ, ಕೂಡಲೇ ರಿನ್ಯೂ ಮಾಡಿ’ ಅಂತ ಹೆಸರಾದ ಕಂಪನಿಯ ಲೋಗೋ ಸಮೇತ ಪದೇ ಪದೇ ಬರೋದನ್ನೂ ಬಹಳ ಜನ ನೋಡಿರ್ತೀರಿ. ಬಹುಪಾಲು ಸಲ ಅದು ವೈರಸ್ಸೂ ಅಲ್ಲ, ಆಂಟಿವೈರಸ್ಸೂ ಅಲ್ಲ. ಎಂದೋ ಯಾವುದೋ ಸೈಟ್‌ಗೆ ‘ಅಲೋ’ ಒತ್ತಿದ್ದರ ಫಲ. ಕ್ರೋಮ್ ಸೆಟ್ಟಿಂಗ್‌ನಲ್ಲಿ ನೋಟಿಫಿಕೇಷನ್ಸ್ ಅನ್ನೋ ಕಡೆ ಹೋಗಿ ಗೊತ್ತಿಲ್ಲದ ಸೈಟ್‌ಗಳನ್ನು ತೆಗೆದರೆ ನಿಲ್ಲುತ್ತೆ. ಇದಕ್ಕೆ ಫಾರ್ಮ್ಯಾಟ್ ಹೊಡೆಸೋ ಅಗತ್ಯ ಇಲ್ಲ.

ದುಡ್ಡು ಖರ್ಚು ಮಾಡೋದಾದರೆ ಎಲ್ಲಿ?

ಆಂಟಿವೈರಸ್‌ಗೆ ವರ್ಷ ವರ್ಷ ಕೊಡೋ ದುಡ್ಡನ್ನು ಎರಡು ಮೂರು ವರ್ಷ ಕೂಡಿಟ್ಟರೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನ ಹತ್ತಿರ ಬರುತ್ತೆ. ಕೈಯಲ್ಲಿ ಇಷ್ಟೇ ದುಡ್ಡು ಇದೆ, ಎರಡರಲ್ಲಿ ಒಂದು ಅಂದರೆ ಹಾರ್ಡ್ ಡಿಸ್ಕೇ ತಗೋಬೇಕು. ಆಂಟಿವೈರಸ್ ನೂರಕ್ಕೆ ತೊಂಬತ್ತೊಂಬತ್ತು ಸಲ ತಡೆದರೂ ಉಳಿದ ಒಂದು ಸಲಕ್ಕೆ ಬೇರೆ ಔಷಧ ಇಲ್ಲ.

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿ ಇರಲಿ, ರಾಣೆಬೆನ್ನೂರಿನ ಬೀಜದ ಅಂಗಡಿ ಇರಲಿ, ಟ್ಯಾಲಿ ಡೇಟಾ ಹೋದರೆ ವ್ಯಾಪಾರದ ನೆನಪೇ ಹೋದಂತೆ. ಉದ್ರಿ ಯಾರದ್ದು ಎಷ್ಟು ಅನ್ನೋದರಿಂದ ಹಿಡಿದು ಎಲ್ಲಾ ಅದರಲ್ಲೇ. ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸೋ ಕೊನೇ ದಿನದಿಂದ 72 ತಿಂಗಳು, ಅಂದರೆ ಆರು ವರ್ಷ ಕಾಯ್ದಿಡಬೇಕು. ನೋಟಿಸ್ ಬಂದಾಗ ವೈರಸ್ ತಿಂತು ಅಂದರೆ ಕೇಳೋರು ಯಾರು?

ಬ್ಯಾಕಪ್ ಮಾಡ್ತೀವಿ ಅನ್ನೋರಲ್ಲೂ ಎಷ್ಟೋ ಜನ ಅದನ್ನು ಅದೇ ಕಂಪ್ಯೂಟರ್‌ನ ಡಿ ಡ್ರೈವ್‌ನಲ್ಲಿ ಇಟ್ಟಿರ್ತಾರೆ. ರಾನ್ಸಮ್‌ವೇರ್‌ಗೆ ಸಿ ಡ್ರೈವ್, ಡಿ ಡ್ರೈವ್ ಅನ್ನೋ ಭೇದ ಇಲ್ಲ. ಸದಾ ಚುಚ್ಚಿಯೇ ಇಟ್ಟ ಪೆನ್‌ಡ್ರೈವ್ ಕೂಡ ಅದರ ಪಾಲೇ. ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ವೈರ್ ಬಿಚ್ಚಿ, ಬೀರುವಿನಲ್ಲಿ ಇಡಬೇಕು. ಶನಿವಾರ ಸಂಜೆ ಅಂಗಡಿ ಹಾಕೋ ಮುಂಚೆ ಒಂದು ಸಲ ಮಾಡಿದರೂ ಹೋಗೋದು ಒಂದು ವಾರದ ಲೆಕ್ಕ ಮಾತ್ರ. ಗೂಗಲ್ ಡ್ರೈವ್‌ನಲ್ಲಿ ಇಟ್ಟವರಿಗೆ ಲಾಕ್ ಆದ ಫೈಲೇ ಹೋಗಿ ಅಲ್ಲೂ ಕೂತುಬಿಡೋ ಅಪಾಯ ಇದೆ. ಫೈಲ್‌ನ ಹಳೇ ಆವೃತ್ತಿಗಳು ಮಾಮೂಲಿಯಾಗಿ 30 ದಿನ ಅಲ್ಲಿ ಉಳಿದಿರ್ತವೆ, ಅಷ್ಟರಲ್ಲಿ ನೋಡಿಕೊಂಡರೆ ವಾಪಸ್ ತರಬಹುದು.

ಡಿಫೆಂಡರ್ ಒಳಗೇ ಒಂದು ಫ್ರೀ ಬೀಗ ಇದೆ, ಹೆಸರು ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್. ಹೇಳಿದ ಫೋಲ್ಡರ್‌ಗೆ ಗೊತ್ತಿಲ್ಲದ ಪ್ರೋಗ್ರಾಂ ಕೈ ಹಾಕದಂತೆ ತಡೆಯುತ್ತೆ. 2017ರಿಂದಲೂ ಇದೆ, ಆದರೆ ನಾವೇ ಆನ್ ಮಾಡಬೇಕು. ವಿಂಡೋಸ್ ಸೆಕ್ಯುರಿಟಿಯಲ್ಲಿ ರಾನ್ಸಮ್‌ವೇರ್ ಪ್ರೊಟೆಕ್ಷನ್ ಅನ್ನೋ ಕಡೆ ಸಿಗುತ್ತೆ. ಆನ್ ಮಾಡಿದ ಮೊದಲ ಕೆಲವು ದಿನ ಒಳ್ಳೇ ಸಾಫ್ಟ್‌ವೇರ್‌ಗಳನ್ನೂ ತಡೆದು ಕಿರಿಕಿರಿ ಮಾಡುತ್ತೆ. ಟ್ಯಾಲಿ, ಫೋಟೋ ಸಾಫ್ಟ್‌ವೇರ್ ಇದ್ದರೆ ಅವುಗಳಿಗೆ ಅನುಮತಿ ಕೊಡಬೇಕಾಗುತ್ತೆ. ಟ್ಯಾಲಿ ಡೇಟಾ ಫೋಲ್ಡರ್ ಬೇರೆ ಕಡೆ ಇದ್ದರೆ ಅದನ್ನೂ ಪಟ್ಟಿಗೆ ಸೇರಿಸೋದನ್ನು ಮರೆಯಬಾರದು.

ಕಂಪ್ಯೂಟರ್ ನಿಧಾನ ಆಗುತ್ತೆ ಅಂತ ಡಿಫೆಂಡರ್ ಆಫ್ ಮಾಡಿಸಿದವರಿಗೂ ಒಂದು ಮಾತು. 4 ಜಿಬಿ ರ‍್ಯಾಮ್, ತಿರುಗೋ ಹಳೇ ಹಾರ್ಡ್ ಡಿಸ್ಕ್ ಇದ್ದರೆ ನಿಧಾನ ಆಗೋದು ಸಹಜ. ಎಸ್‌ಎಸ್‌ಡಿ ಹಾಕಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಫೈಲ್‌ಗಳು ಲಾಕ್ ಆಗ್ತಾ ಇವೆ ಅಂತ ಅನುಮಾನ ಬಂದ ಕ್ಷಣ ನೆಟ್ ವೈರ್ ಕಿತ್ತು, ವೈಫೈ ಆಫ್ ಮಾಡಿ, ಪೆನ್‌ಡ್ರೈವ್ ಹೊರಗೆ ತೆಗೀಬೇಕು. ಬ್ಯಾಕಪ್ ಡಿಸ್ಕ್ ತಂದು ಅದೇ ಕಂಪ್ಯೂಟರ್‌ಗೆ ಚುಚ್ಚಬಾರದು, ಮೊದಲು ಬೇರೆ ಕಂಪ್ಯೂಟರ್‌ನಲ್ಲಿ ನೋಡಿಕೊಳ್ಳಬೇಕು. ಲಾಕ್ ಆದ ಫೈಲ್‌ಗಳನ್ನು ಅಳಿಸದೆ ಒಂದು ಕಡೆ ಕಾಪಿ ಇಡಬೇಕು, ಬೀಗ ತೆಗೆಯೋ ಸಾಧನ ಮುಂದೆ ಬಂದರೂ ಬರಬಹುದು. ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಮೊಬೈಲ್‌ನಿಂದ ಬದಲಾಯಿಸಬೇಕು, ಆ ಕಂಪ್ಯೂಟರ್‌ನಿಂದ ಅಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ದೂರು ಕೊಡೋಕೆ ಹಾವೇರಿಯಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ.